ಮದ್ದಲ್ಲ, ನೀರ್ಗುಳ್ಳೆ

ಕೊಡವನ್ನು ಸೊಂಟಕ್ಕೆ ಏರಿಸಿದಾಗ ಬಲಗಡೆ ಪಕ್ಕೆಲುಬಿನ ಕೆಳಗೆ ಏನೋ ಒತ್ತಿತು. ಕೊಡವನ್ನು ಎಡಕ್ಕೆ ಬದಲಿಸಿದೆ. ಅಷ್ಟಕ್ಕೆಲ್ಲ ಕೆಲಸ ಬಿಟ್ಟು ಕೂರುವವಳು ನಾನಲ್ಲ. ಬರಬರುತ್ತಾ ಅದು ಗಡ್ಡೆಯಾಗಿ ಕೈಗೆ ಸಿಗುವಷ್ಟಾಯಿತು. ಊಟ ಸೇರದು. ಸೀರೆ ಬಿಗಿದು ಉಡಲಾಗದು.

"ಮದ್ದು ಬಿದ್ದೈತೆ" ಎಂದರು ಅತ್ತೆ.

ಇದು ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನ ಮಾತು. ಜಗಳೂರಿನ ಹತ್ತಿರದ ಹಳ್ಳಿ, ಕುರಿ ಸಾಕಿದ ಮನೆ ನಮ್ಮದು. ಅಲ್ಲಿ ಹೊಟ್ಟೆಯೊಳಗೆ ಏನು ಬೆಳೆದರೂ ಯಾರೋ ಊಟದಲ್ಲಿ ಮದ್ದು ಹಾಕಿದ್ದಾರೆ ಎಂದೇ ಮಾತು. ಹಾಕಿದ್ದು ಒಳಗೆ ಕೂತು ಬೆಳೆಯುತ್ತದಂತೆ. ಹಾಕಿದವರು ಯಾರು? ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ನನ್ನ ಗಂಡನ ಅಣ್ಣನ ಹೆಂಡತಿ, ಹೊನ್ನಾಳಿ ಕಡೆಯ ಅಕ್ಕ. ಅವಳ ಬದನೆಕಾಯಿ ಪಲ್ಯಕ್ಕೆ ಓಣಿಯೆಲ್ಲ ಬಾಯಿ ಚಪ್ಪರಿಸುತ್ತಿತ್ತು. ಆ ಕೈರುಚಿಯೇ ಈಗ ಅವಳ ಮೇಲೆ ಸಾಕ್ಷಿ ಹೇಳಿತು! ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಭಾವನವರು ಅವಳನ್ನು ತವರಿಗೆ ಕಳಿಸುವ ಮಾತಾಡಿದರು. ನನಗೆ ಸಾಯುವ ಭಯ ಇತ್ತು, ಆದರೆ ಅದಕ್ಕಿಂತ ಸಿಟ್ಟೇ ಹೆಚ್ಚಿತ್ತು. ನಾನು ಸತ್ತರೆ ಅಕ್ಕ ಜನ್ಮವಿಡೀ ಕೊಲೆಗಾತಿ ಅನ್ನಿಸಿಕೊಂಡು ಬದುಕಬೇಕು.

ಮದ್ದು ತೆಗೆಯುವವನ ಹತ್ತಿರ ಕರೆದೊಯ್ಯಲು ಗಾಡಿ ಕಟ್ಟಿದರು. ಹೊಟ್ಟೆ ನೀವಿ ವಾಂತಿ ಮಾಡಿಸುತ್ತಾನಂತೆ. ನಾನು ಗಾಡಿ ಹತ್ತಲಿಲ್ಲ.

"ದಾವಣಗೆರೆ ಆಸ್ಪತ್ರೆಗೆ ಕರ್ಕಂಡು ಹೋಗ್ರಿ. ಇಲ್ಲಾಂದ್ರೆ ಒಬ್ಬಳೇ ಬಸ್ ಹತ್ತತೀನಿ" ಎಂದೆ ಗಂಡನಿಗೆ. ಹಟದಲ್ಲಿ ನಾನು ಅತ್ತೆಗೆ ತಕ್ಕ ಸೊಸೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದರು. ಅದನ್ನು ನೋಡುತ್ತಾ ಸರ್ಜನ್ ಕೇಳಿದ್ದು ಒಂದೇ ಮಾತು.

"ಮನೇಲಿ ನಾಯಿ ಐತೇನಮ್ಮ?"

ಹೊಟ್ಟೆಗೂ ನಾಯಿಗೂ ಎಲ್ಲಿಯ ನೆಂಟಸ್ತಿಕೆ! "ಕುರಿ ಕಾಯಾಕೆ ಐತೆ ಸಾರ್" ಎಂದೆ.

"ಇದು ಹೈಡಾಟಿಡ್ ಸಿಸ್ಟ್. ನಾಯಿಯ ಹುಳದ ಮೊಟ್ಟೆ ನಿಮ್ಮ ಹೊಟ್ಟೆಗೆ ಹೋಗಿ, ಲಿವರ್‌ನಲ್ಲಿ ನೀರಿನ ಚೀಲ ಆಗಿದೆ. ಮಾತ್ರೆಗೆ ಹೋಗೋದಲ್ಲ, ಆಪರೇಷನ್ನೇ ಆಗಬೇಕು. ಯಾರಾದ್ರೂ ಒತ್ತಿ ಅದು ಒಡೆದಿದ್ರೆ ಪ್ರಾಣಕ್ಕೇ ಬರ್ತಿತ್ತು."

ಕಟ್ಟಿ ನಿಲ್ಲಿಸಿದ್ದ ಗಾಡಿ, ಹೊಟ್ಟೆ ನೀವುವವನ ಕೈ ನೆನಪಾದವು.

ಆಪರೇಷನ್ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆಮೇಲೆ ಕೇಳಿದ್ದು. ಗಡ್ಡೆಯ ಸುತ್ತ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಹಾಸಿ, ಒಳಗಿನ ನೀರು ಒಂದು ಹನಿಯೂ ಹೊಟ್ಟೆಗೆ ಚೆಲ್ಲದಂತೆ ಹೀರಿ, ಕೊನೆಗೆ ಬಿಳಿಯ ಪೊರೆಯನ್ನು ಮೆಲ್ಲಗೆ ಎತ್ತಿದರಂತೆ. ಎಚ್ಚರವಾದಾಗ ಬಾಯಿ ಒಣಗಿತ್ತು. ಹೊಲಿಗೆ ಉರಿಯುತ್ತಿತ್ತು. ಕೈ ತಾನಾಗಿ ಬಲಗಡೆಗೆ ಹೋಯಿತು.

ಗಡ್ಡೆ ಇರಲಿಲ್ಲ.

ಸರ್ಜನ್ ಗಾಜಿನ ಬಾಟಲಿ ತಂದು ತೋರಿಸಿದರು. ಪೊರೆಯ ಜೊತೆ ದ್ರಾಕ್ಷಿಯಂಥ ಬಿಳಿ ಗುಳ್ಳೆಗಳು. ನನ್ನ ಜೊತೆಗಿರಲು ಬಂದಿದ್ದ ಅತ್ತೆ ಗೆದ್ದವರ ಹಾಗೆ ಎದ್ದು ನಿಂತರು.

"ನಾ ಹೇಳಿರಲಿಲ್ವಾ? ಇದೇ ಮದ್ದು!"

"ಅಜ್ಜಿ, ಕುರಿ ಕೊಯ್ದಾಗ ಅದರ ಈಲಿಯಲ್ಲಿ, ಅಂದ್ರೆ ಲಿವರ್‌ನಲ್ಲಿ, ಇಂಥದ್ದು ನೋಡಿಲ್ವಾ?"

ಅತ್ತೆ ಬಾಟಲಿಯ ಹತ್ತಿರ ಬಗ್ಗಿದರು. "ನೋಡೀನಿ. ನೀರ್ಗುಳ್ಳೆ ಅಂತೀವಿ."

"ಅದನ್ನ ಏನು ಮಾಡ್ತೀರಿ?"

"ಕೊಯ್ದು ನಾಯಿಗೆ ಎಸೀತೀನಿ."

"ಅದು ನಾಯಿ ಹೊಟ್ಟೇಲಿ ಹುಳ ಆಗುತ್ತೆ. ನಾಯಿಯ ಮಲದಲ್ಲಿ ಮೊಟ್ಟೆ ಬರುತ್ತೆ. ಅದು ಕೈಗೆ ಅಂಟಿ ಬಾಯಿಗೆ ಹೋದ್ರೆ ಹೀಗಾಗುತ್ತೆ. ಇನ್ನು ಮೇಲೆ ಹೂತು ಹಾಕಿ."

ಅತ್ತೆ ಬಾಟಲಿ ಬಿಟ್ಟು ತಮ್ಮ ಎರಡೂ ಅಂಗೈ ನೋಡಿಕೊಂಡರು.

ನನಗೆ ಊಟ ಕೊಡಬಹುದು ಎಂದ ದಿನ ಅಕ್ಕ ಬುತ್ತಿ ತಂದಳು. ವಾರ್ಡಿನ ಬಾಗಿಲಲ್ಲೇ ನಿಂತಳು, ಒಳಗೆ ಬರಲು ಅಂಜಿಕೆ. ಅತ್ತೆಯೇ ಎದ್ದು ಹೋಗಿ ಅವಳ ಕೈಹಿಡಿದು ಕರೆತಂದರು. ವಾರ್ಡಿನವರೆಲ್ಲ ನೋಡುತ್ತಿದ್ದಂತೆ ಬುತ್ತಿ ಬಿಚ್ಚಿ, ಮೊದಲ ತುತ್ತು ತಾವೇ ಬಾಯಿಗಿಟ್ಟರು.

"ನನ್ನ ಬುದ್ಧಿಗೆ ಮಣ್ಣು ಬಿದ್ದಿತ್ತವ್ವ" ಎಂದರು. ತುತ್ತು ನುಂಗಿ, ಕಣ್ಣೊರೆಸಿಕೊಂಡರು. "ಈ ಮದ್ದು ನನಗೂ ದಿನಾ ಹಾಕು."

ಅಕ್ಕ ಅಳುತ್ತಲೇ ನಕ್ಕಳು. ನಗಬೇಡಿ, ಹೊಲಿಗೆ ಬಿಡುತ್ತದೆ ಎಂದು ನರ್ಸಮ್ಮ ನನ್ನನ್ನು ಗದರಿದರು. ಹೊಟ್ಟೆ ಹಿಡಿದುಕೊಂಡು ನಕ್ಕೆ.