ಗುಳುಮುಳುಕ ಮೇಲೆ ಬರುವ ತನಕ

ಶೇಡಬಾಳದ ಕೆರೆದಂಡೆಯಲ್ಲಿ ನೀರೆತ್ತುವ ಎಂಜಿನ್ ಇಟ್ಟುಕೊಂಡಿರುವ ನೇಮಿನಾಥ ಕಾಕಾರೊಂದಿಗೆ ಮಾತು ಮುಗಿಸಿ ಎದ್ದವರಿಲ್ಲ. ಮುಷ್ಟಿಗಾತ್ರದ ಗುಳುಮುಳುಕ ಹಕ್ಕಿ ಕೆರೆಯಲ್ಲಿ ಮುಳುಗಿತೆಂದರೆ ಕಾಕಾ ಅರ್ಧ ಮಾತಿಗೇ ಉಸಿರು ಹಿಡಿಯುತ್ತಾರೆ. ಅದು ಎಲ್ಲೋ ದೂರದಲ್ಲಿ ತಲೆ ಎತ್ತಿದ ಮೇಲೆಯೇ ಉಸಿರೂ ಮಾತೂ ಹೊರಬರುವುದು. “ನೋಡಿದ್ರಿ? ನೀರಿಗೇ ಗೊತ್ತಾಗದ್ಹಂಗ ಹೋಗಿ ಬಂತರಿ!” ಎನ್ನುವಾಗ ಕಣ್ಣುಗಳು ಅದನ್ನು ಮೊದಲ ಸಲ ಕಂಡಂತೆ ಅರಳಿರುತ್ತವೆ. ಮಗಳ ಸಂಬಂಧ ಕೇಳಲು ಭೋಜ ಊರಿನಿಂದ ಬಂದವರಿಗೆ ಹುಡುಗಿಯ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಹಕ್ಕಿ ಮೂರು ಸಲ ಮುಳುಗಿ ಎದ್ದಿತ್ತು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಗಂಟಿದ ಕಾಣದ ಜೀವಗಳನ್ನು ಮತ್ತೆ ಅದೇ ಕೆರೆಗೆ ಬಿಡುವುದು ಅವರ ಜೈನ ಮನೆತನದ ನೇಮ. ಎಂಬತ್ತೇಳನೇ ಇಸವಿಯ ಬೇಸಿಗೆಯ ಕೊನೆಗೆ, ಎಂಜಿನ್ನಿನ ಪೈಪಿಗೆ ಸಿಕ್ಕಿಕೊಂಡಿದ್ದ ಕೊಳೆತ ಪಾಚಿಯ ಗುಪ್ಪೆಯೊಂದನ್ನು ನೀರು ಸೋಸುವ ಕಾಕಾರ ಅದೇ ಕೈ ಎಳೆದು ದಂಡೆಗೆ ಎಸೆಯಿತು. ಒಳಗಿಂದ ನಾಲ್ಕು ಮೊಟ್ಟೆ ಉರುಳಿ ಒಡೆದವು. ಅದು ಗುಳುಮುಳುಕದ ತೇಲುವ ಗೂಡು; ಮೇವಿಗೆ ಹೋಗುವ ಮುನ್ನ ತಾಯಿಹಕ್ಕಿ ಅವನ್ನು ಯಾರ ಕಣ್ಣಿಗೂ ಬೀಳದಂತೆ ಪಾಚಿ ಹೊದಿಸಿ ಹೋಗಿತ್ತು. ಕಾಕಾ ಉಸಿರು ಹಿಡಿಯತೊಡಗಿದ್ದು ಅಂದಿನಿಂದ. ಈಗ ಪ್ರತಿ ವರ್ಷವೂ ಹಕ್ಕಿ ಪೈಪಿನ ಬಳಿ ಪಾಚಿ ಕೂಡಿಸತೊಡಗಿದ ದಿನವೇ ಎಂಜಿನ್ ತಿರುಗಿಸಿ ಚಾಲೂ ಮಾಡುವ ಹ್ಯಾಂಡಲನ್ನು ಹೆಂಡತಿ ಸೋನಾಬಾಯಿಯ ಕೈಗೆ ಕೊಟ್ಟುಬಿಡುತ್ತಾರೆ: “ಕಬ್ಬು ಒಣಗಾಕತ್ತೈತಿ ಅಂತ ನಾ ಅತ್ತು ಕೇಳಿದ್ರೂ, ಮರಿ ಅವ್ವನ ಬೆನ್ನ ಏರೂತನಕ ಇದನ್ನ ಕೊಡಬ್ಯಾಡ.”