ರೋಮಿನಲ್ಲಿ ತಲೆ ಎಣಿಸಿದಾಗ

ನಮ್ಮ ದೊಡ್ಡವ್ವ ಇಳಕಲ್ ಸೀರೆ ಉಟ್ಟು ರೋಮಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು ಎಂದು ಬ್ಯಾಡಗಿಯಲ್ಲಿ ಈಗಲೂ ಹೇಳುತ್ತಾರೆ. ಫೋಟೋದಲ್ಲೂ ಕಾಣುತ್ತಾಳೆ ಎನ್ನುವವರೂ ಇದ್ದಾರೆ. ತೋರಿಸಿ ಎಂದರೆ ಯಾರ ಬಳಿಯೂ ಇಲ್ಲ. ನಾನು ಆ ಬಸ್ಸಿನಲ್ಲಿದ್ದೆ. ಸೀರೆಯನ್ನು ಯಾರೂ ನೋಡಲಿಲ್ಲ. ಸತ್ತವರು ಬರುತ್ತಾರೆಂಬುದನ್ನು ನಾನು ನಂಬುತ್ತಿರಲಿಲ್ಲ; ಅದರ ವಿರುದ್ಧ ಮಾತಾಡಿ ಹಾವೇರಿಯ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವಳು ನಾನು. ನಡೆದದ್ದು ಜನ ಹೇಳುವುದಕ್ಕಿಂತ ಚಿಕ್ಕದು. ಚಿಕ್ಕದಾದ್ದರಿಂದಲೇ ತಳ್ಳಿಹಾಕಲು ಆಗಿಲ್ಲ.

ದೊಡ್ಡಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಜೀವಮಾನವೆಲ್ಲ ಚೀಲ ಎಣಿಸಿದವನು. ಅಲ್ಲಿ ಮೊದಲ ಚೀಲಕ್ಕೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು. ದೊಡ್ಡವ್ವನಿಗೆ ಹೊರದೇಶ ನೋಡುವ ಹುಚ್ಚು. ಟಿವಿಯಲ್ಲಿ ಕಂಡ ಊರುಗಳ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಹುಬ್ಬಳ್ಳಿಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿದಳು. ಅದು ಕೈಗೆ ಬಂದ ಮೂರನೇ ವಾರಕ್ಕೆ ಹೃದಯಾಘಾತವಾಗಿ ತೀರಿಕೊಂಡಳು. ಮರುವರ್ಷ ಆಕೆಯ ಬದಲು ದೊಡ್ಡಪ್ಪನ ಜೊತೆ ನಾನು ಇಟಲಿಗೆ ಹೋದೆ. ಗೈಡ್, ಚಾಲಕರನ್ನು ಬಿಟ್ಟು ನಾವು ಹನ್ನೊಂದು ಜನ, ಎಲ್ಲ ನಮ್ಮ ಕಡೆಯವರೇ.

ಮೊದಲ ದಿನವೇ ತಲೆ ಎಣಿಸುವ ಕೆಲಸವನ್ನು ದೊಡ್ಡಪ್ಪ ತಾನಾಗಿ ವಹಿಸಿಕೊಂಡ. ಕೊಲೊಸಿಯಂ ಎದುರು “ಲಾಭ, ಎರಡು, ಮೂರು” ಎಂದು ಎಣಿಸುತ್ತ ಹೋಗಿ ಹನ್ನೆರಡಕ್ಕೆ ನಿಂತ. ಮತ್ತೆ ಎಣಿಸಿದರೂ ಹನ್ನೆರಡೇ.

“ಕಾಕಾ, ಒಂದು ಚೀಲ ಹೆಚ್ಚಿಗಿ ಬಂತಲ್ರಿ, ಯಾರ ಮಾಲಿದು?” ಎಂದು ರಾಣೆಬೆನ್ನೂರಿನ ಶಾಂತಕ್ಕ ನಕ್ಕಳು.

“ನಮ್ಮದ ಐತಿ ಬಿಡವಾ,” ಎಂದ ದೊಡ್ಡಪ್ಪ. ಅವನು ನಗಲಿಲ್ಲ.

ದುಃಖ ಲೆಕ್ಕವನ್ನೂ ಕೆಡಿಸುತ್ತದೆ ಎಂದುಕೊಂಡೆ. ಬಸ್ಸಿನಲ್ಲಿ ಅವನಿಗೆ ಹೇಳಿಯೂ ಬಿಟ್ಟೆ: “ಮೊದಲ ಎದಿ ಮುಟ್ಟಿಕೊಂಡು ಲಾಭ ಅಂತಿ, ಕಡೀಕ ಮತ್ತ ನಿನ್ನ ಎಣಿಸ್ಕೋತಿ. ಅಷ್ಟ, ದೊಡ್ಡಪ್ಪಾ.”

“ಬಂತ ನೋಡ್ರಿ ಹೈಕೋರ್ಟು! ಹಂಗಾರ ನೀನ ಎಣಿಸವಾ.”

ಎಣಿಸಿದೆ. ಪೀಸಾದಲ್ಲಿ, ಮಟಮಟ ಮಧ್ಯಾಹ್ನ, ವಾಲಿದ ಗೋಪುರದ ಮುಂದಿನ ಹುಲ್ಲಿನ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ‘ಒಂದು’ ಎಂದೇ ಶುರು ಮಾಡಿ ನನ್ನನ್ನು ಕೊನೆಗೆ ಸೇರಿಸಿದೆ. ಹನ್ನೆರಡು. ಪಟ್ಟಿ ಹಿಡಿದು ಹೆಸರು ಕೂಗಿದೆ. ಹನ್ನೊಂದು. ಗೈಡ್ ತೆಗೆದ ಫೋಟೋದಲ್ಲೂ ಹನ್ನೊಂದು. ಅಪರಿಚಿತ ಮುಖ ಒಂದೂ ಇಲ್ಲ. ಆದರೆ ಬೆರಳು ಮಾಡಿ ತಲೆ ಎಣಿಸಿದರೆ ಮತ್ತೆ ಹನ್ನೆರಡು. ನಮ್ಮ ಗುಂಪಿನಲ್ಲಿದ್ದ ಹಾವೇರಿಯ ಗಣಿತದ ಮಾಸ್ತರರಾದ ಖಾದರಸಾಬರು ನನ್ನ ಮೋರೆ ನೋಡಿ ತಾವೂ ಎಣಿಸಿದರು. “ಬಿಟ್ಟುಬಿಡವಾ,” ಎಂದಷ್ಟೇ ಅಂದರು.

ದೊಡ್ಡಪ್ಪನಿಗೆ ಮಾತ್ರ ನಾನು “ಹನ್ನೊಂದು” ಎಂದೆ. ಸೋಲಲು ಮನಸ್ಸಿರಲಿಲ್ಲ. ಫ್ಲಾರೆನ್ಸ್‌ಗೆ ಹೋಗುವಾಗ ಅವನು ತನ್ನ ಪಕ್ಕದ ಕಿಟಕಿಯ ಸೀಟನ್ನು ಖಾಲಿ ಬಿಟ್ಟು, ಹೊರಗೆ ಕಂಡದ್ದನ್ನೆಲ್ಲ ಮೆಲ್ಲನೆ ವಿವರಿಸುತ್ತಿದ್ದ. ಆಕೆ ಹೋದ ಮೇಲೆ ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಕೊನೆಯ ದಿನ ವೆನಿಸ್. ದೋಣಿ ಇಳಿದು ಬಸ್ಸಿನ ಹತ್ತಿರ ಬಂದಾಗ ದೊಡ್ಡಪ್ಪ ಎಣಿಸಿದ. ಹನ್ನೊಂದು. “ಒಬ್ಬಾಕಿ ಬಂದಿಲ್ಲ, ತಡೀರಿ,” ಎಂದ. ಬಸ್ ಹತ್ತಲೊಲ್ಲ. ಗೈಡ್ ಗಡಿಯಾರ ನೋಡತೊಡಗಿದ. ಇನ್ನೊಮ್ಮೆ ಎಣಿಸಲು ದೊಡ್ಡಪ್ಪ ನನಗೆ ಸನ್ನೆ ಮಾಡಿದ. ಎಷ್ಟು ಸಲ ಎಣಿಸಿದೆನೋ. ಆ ಹನ್ನೆರಡು ಬರಲಿ ಎಂದು ಆಸೆಪಟ್ಟಷ್ಟು ನಾನು ಯಾವ ವಾದದ ಗೆಲುವಿಗೂ ಆಸೆಪಟ್ಟಿಲ್ಲ.

“ಹನ್ನೊಂದು, ದೊಡ್ಡಪ್ಪಾ.”

“ಪೀಸಾದಾಗೂ ಹಂಗ ಅಂದಿ. ಆಗ ಸುಳ್ಳ ಹೇಳಿದ್ದಿ, ನಂಗೊತ್ತೈತಿ. ಈಗರ ಖರೇ ಹೇಳು.”

“ಈಗ ಖರೇನ.”

ಅವನು ನೀರಿನ ಕಡೆಗೊಮ್ಮೆ ನೋಡಿ, ಬಸ್ ಹತ್ತಿದ.

ಒಬ್ಬರ ಭ್ರಮೆ ಇನ್ನೊಬ್ಬರಿಗೆ ಅಂಟುತ್ತದೆ ಎಂದು ವಾದಿಸಬಹುದು. ನಾನೇ ವಾದಿಸಿ ನೋಡಿದ್ದೇನೆ. ನಿಲ್ಲುವುದಿಲ್ಲ. ನಾನು ಹನ್ನೊಂದೇ ಬೇಕೆಂದು ಹಟ ಹಿಡಿದಾಗ ಹನ್ನೆರಡು ಬಂತು. ಇಬ್ಬರೂ ಹನ್ನೆರಡನ್ನೇ ಬಯಸಿದಾಗ ಹನ್ನೊಂದು. ಉತ್ತರ ಗೊತ್ತಿರಬಹುದಾದವಳು ಒಬ್ಬಳೇ. ದೊಡ್ಡವ್ವಾ, ಅಷ್ಟಕ್ಕ ನೀ ದೇಶ ನೋಡೋದು ಮುಗೀತೇನು, ಇಲ್ಲಾ ಇನ್ನೂ ಆ ವೆನಿಸ್‌ನಾಗ ಅಡ್ಡ್ಯಾಡಾಕತ್ತೀಯೇನು?