ಹನೋಯ್‌ನಲ್ಲಿ ಅವಳ ಒಂದು ಗಂಟೆ

ಐದು ದಿನದ ಪ್ರವಾಸದಲ್ಲಿ ನಮ್ಮದು ಅಂತ ಇದ್ದದ್ದು ಒಂದೇ ಗಂಟೆ. ಹನೋಯ್‌ನಲ್ಲಿ ಇಳಿದ ದಿನ ಸಂಜೆ ಐದರಿಂದ ಆರು, ಊರ ನಡುವಿನ ಕೆರೆಯ ಹತ್ತಿರ ‘ಫ್ರೀ ಟೈಮ್’. ಉಳಿದದ್ದೆಲ್ಲ ಗೈಡಿನ ಬಾವುಟದ ಹಿಂದೆ. ಹೀಗೆ ಬಾವುಟದ ಹಿಂದೆ ಹೋಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಆದರೂ ಬುಕ್ ಮಾಡಿದವನು ನಾನೇ. ಸ್ವಂತ ದಾರಿ ಹುಡುಕಿಕೊಳ್ಳುವ ಧೈರ್ಯ ನನಗಿಲ್ಲ.

ಹೆಂಡತಿ ವೆಲಿಂಗ್ಟನ್‌ನಲ್ಲಿ ನರ್ಸ್. ದಿನವಿಡೀ ಕರೆದವರ ಕಡೆಗೆ ಓಡುವ ಕೆಲಸ. ಜಾನ್ಸನ್‌ವಿಲ್‌ನ ನಮ್ಮ ಮನೆಯಲ್ಲೇ ಪ್ರವಾಸದ ವೇಳಾಪಟ್ಟಿ ಓದಿ, ಆ ಗಂಟೆಯ ಕೆಳಗೆ ಗೆರೆ ಎಳೆದಿದ್ದಳು. “ಇದು ನಂದು. ನಾನೊಬ್ಳೇ ಕೆರೆ ಸುತ್ತ ನಡೀತೀನಿ. ನೀವು ಹಿಂದೆ ಬರ್ಬೇಡಿ.”

ಮೂರಕ್ಕೆ ವಿಮಾನ ನಿಲ್ದಾಣದಲ್ಲಿ ಇಳಿದೆವು. ನ್ಯೂಜಿಲೆಂಡಿನ ಹದಿನೆಂಟು ಕನ್ನಡಿಗರು, ಎದೆಯ ಮೇಲೆ ಕಿತ್ತಳೆ ಬಣ್ಣದ ಸ್ಟಿಕ್ಕರ್. ಅಲ್ಲಿನ ಕುರಿಗಳೂ ಇಷ್ಟು ಬೇಗ ಸಾಲಾಗುವುದಿಲ್ಲ.

ಎಲ್ಲರೂ ಸೂಟ್‌ಕೇಸ್ ಎಳೆದುಕೊಂಡು ಸೀದಾ ಹೊರಗೆ ನಡೆದರು. ನಾನು ಕಸ್ಟಮ್ಸ್ ಬಾಗಿಲ ಹತ್ತಿರ ನಿಂತೆ. ಬ್ಯಾಗಿನಲ್ಲಿ ಮರೆತುಹೋದ ಒಂದು ಸೇಬಿಗೂ ದಂಡ ಹಾಕುವ ದೇಶದಲ್ಲಿ ಇರುವವನು ನಾನು. ಪ್ರತಿ ಸಲ ವಾಪಸಾಗುವಾಗಲೂ ತಿಂಡಿ, ಬೀಜ, ಬೂಟಿನ ಮಣ್ಣು, ಎಲ್ಲವನ್ನೂ ಬರೆದುಕೊಟ್ಟು ತೋರಿಸಿ ಅಭ್ಯಾಸ. ಈಗ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ.

“ಡಿಕ್ಲೇರ್ ಮಾಡ್ಬೇಕು,” ಎಂದೆ.

“ಯಾರಿಗೆ ರೀ? ಯಾರೂ ಕೇಳ್ತಾನೇ ಇಲ್ವಲ್ಲ!”

“ಕೇಳ್ದೇ ಇರೋದೇ ಡೇಂಜರ್ ಕಣೇ.”

ಒಬ್ಬ ಅಧಿಕಾರಿಯನ್ನು ಹುಡುಕಿ ಹಿಡಿದು, ಡಬ್ಬಗಳನ್ನು ಅವನೆದುರು ಜೋಡಿಸಿದೆ. ಹೋಗು ಎಂದು ಕೈಬೀಸಿದ. ಹೋಗಬಾರದೆ? ಚೀಟಿ ಏನಾದರೂ ಬರೆದುಕೊಡಿ ಎಂದೆ. ಅವನು ಮೇಲಧಿಕಾರಿಯನ್ನು ಕರೆಸಿದ. ಆಕೆ ಬರಲು ಒಂದು ಗಂಟೆ. ಬಂದು ಚಟ್ನಿಪುಡಿ ಮೂಸಿ, ಸೀನುತ್ತಲೇ ಬಾಗಿಲು ತೋರಿಸಿದಳು.

ಬಸ್ಸಿನಲ್ಲಿ ನಮ್ಮ ಗುಂಪಿನ, ಒನೆಹುಂಗಾ ಊರಿನ ಆಂಟಿಯೊಬ್ಬರು ಕಾಯುತ್ತಿದ್ದರು. “ಏನ್ ಸಾರ್, ಚಿನ್ನ ಸಿಕ್ತಾ ಅವರಿಗೆ?”

“ಚಟ್ನಿಪುಡಿ, ಆಂಟಿ.”

“ಅಯ್ಯೋ! ನಮ್ ಬ್ಯಾಗಲ್ಲಿ ಎರಡು ಕೆಜಿ ಇದೆ. ನಾವು ಉಸಿರೇ ಬಿಡ್ಲಿಲ್ಲಪ್ಪ!”

ಬಸ್ಸಿಗೆ ಬಸ್ಸೇ ನಕ್ಕಿತು. ತಡವಾಯಿತು, ಫ್ರೀ ಟೈಮ್ ಇಲ್ಲ, ಸೀದಾ ಊಟಕ್ಕೆ ಎಂದು ಗೈಡ್ ಮೈಕಿನಲ್ಲಿ ಸಾರಿದ. ಸಂಜೆ ಐದೂವರೆಗೆ ಊಟ! ಹದಿನಾರು ಜನ ಚಪ್ಪಾಳೆ ತಟ್ಟಿದರು. ಅಂಥವರ ಜೊತೆ ಬಂದಿದ್ದೆ; ಅವರಿಗಿಂತ ಕಡೆಯಾಗಿದ್ದೆ. ಹೆಂಡತಿ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು. “ಸಾರಿ ಕಣೇ” ಎಂದೆ.

ಕೆರೆಯ ಪಕ್ಕದಲ್ಲಿ ಬಸ್ಸು ಸ್ಕೂಟರುಗಳ ನಡುವೆ ಸಿಕ್ಕಿಕೊಂಡಿತು. ಅವಳು ಎದ್ದು ಮುಂದೆ ಹೋದಳು. ವಾರ್ಡಿನಲ್ಲಿ ರೋಗಿಯ ಕಡೆಯವರನ್ನು ಹೊರಗೆ ಕಳಿಸುವಾಗಿನ ದನಿಯಲ್ಲಿ ಬಾಗಿಲು ತೆಗೆಯಲು ಹೇಳಿದಳು. ಡ್ರೈವರ್ ತೆಗೆದ.

“ಒಬ್ಳೇನಾ? ಹೋಟೆಲ್ ಹೇಗೆ ಹುಡುಕ್ತೀಯ?” ಎಂದು ಕೂಗಿದೆ.

“ಬಾಯಿದೆ,” ಎಂದು ಇಳಿದೇಬಿಟ್ಟಳು.

ನಾನೂ ಮೆಟ್ಟಿಲವರೆಗೆ ಹೋದೆ. ಒಂದು ಕಾಲು ಕೆಳಗಿಟ್ಟೆ. ಸ್ಕೂಟರೊಂದು ಹಾರ್ನ್ ಹೊಡೆಯಿತು, ಕಾಲು ತಾನಾಗಿ ಒಳಗೆ ಬಂತು. ಅಷ್ಟರಲ್ಲಿ ಅವಳು ಸ್ಕೂಟರುಗಳನ್ನು ದಾಟಿ, ಮರಗಳ ಕೆಳಗೆ ಆರಾಮಾಗಿ ನಡೆಯುತ್ತಿದ್ದಳು. ಹಿಂದಕ್ಕೆ ತಿರುಗಲಿಲ್ಲ. ಗೈಡ್ ತಲೆ ಎಣಿಸಿದ, ಹದಿನೇಳು. ನಾನು ಊಟಕ್ಕೆ ಹೋದೆ.

ಏಳೂವರೆಗೆ ಅವಳು ಹೋಟೆಲಿಗೆ ಬಂದಳು. ಕೂದಲು ಕೆದರಿತ್ತು, ಮುಖದಲ್ಲಿ ಎಷ್ಟೋ ವರ್ಷಗಳಿಂದ ನಾನು ಕಾಣದ ಗೆಲುವು.

“ಹೇಗಿತ್ತು ಕೆರೆ?”

“ಹೇಳಲ್ಲ,” ಎಂದಳು. ಇವತ್ತಿಗೂ ಹೇಳಿಲ್ಲ.